ಗುಂಡಿ ಒತ್ತಿದರೆ ಮಾತಾಡುವ ಸ್ವರಾಕ್ಷರ ಹಲಗೆ

ಅ ಇಂದ ಔ ವರೆಗೆ 13 ಸ್ವರಗಳು. ಅಂ, ಅಃ ಸೇರಿದರೆ 15. ನಾಲ್ಕು ಸಾಲಿನಲ್ಲಿ ನಾಲ್ಕು ನಾಲ್ಕರಂತೆ 16 ಗುಂಡಿ ಜೋಡಿಸಿದರೆ ಒಂದು ಉಳಿಯುತ್ತದೆ. ಅದನ್ನು ಪ್ರಶ್ನೆಗೆ ಮೀಸಲಿಡಿ. ಒತ್ತಿದ್ದಕ್ಕೆಲ್ಲ ಬರೀ ಸದ್ದು ಮಾಡುವ ಆಟಿಕೆಯಲ್ಲಿ ಮಗು ಅಕ್ಷರ ನೋಡದೆಯೂ ಆಡಬಲ್ಲದು. ‘ಈ ಎಲ್ಲಿದೆ?’ ಎಂದು ಆಟಿಕೆಯೇ ಕೇಳಿದರೆ ಹುಡುಕಲೇಬೇಕು.

ಬೇಕಾದವು: ಆರ್ಡುಯಿನೊ ನ್ಯಾನೊ (ಪ್ರೋಗ್ರಾಮ್ ತುಂಬಬಲ್ಲ ಪುಟ್ಟ ಬೋರ್ಡು), ಡಿಎಫ್‌ಪ್ಲೇಯರ್ ಮಿನಿ (ಕಾರ್ಡಿನಲ್ಲಿರುವ ದನಿ ನುಡಿಸುವ ಪುಟ್ಟ ಬೋರ್ಡು), 32 ಜಿಬಿ ಮೀರದ ಮೈಕ್ರೊ ಎಸ್‌ಡಿ ಕಾರ್ಡ್, 8 ಓಮ್‌ನ ಸ್ಪೀಕರ್, 24 ಮಿ.ಮೀ. ಪುಶ್ ಬಟನ್ 16, ಒಂದು ಕಿಲೊ ಓಮ್ ರೆಸಿಸ್ಟರ್, 470 ಮೈಕ್ರೊಫ್ಯಾರಡ್ ಕೆಪಾಸಿಟರ್, ಮೂರು ಎಎ ಸೆಲ್ ಹಿಡಿಸುವ ಸ್ಕ್ರೂ ಮುಚ್ಚಳದ ಡಬ್ಬಿ, ಸ್ವಿಚ್.

ಹಲಗೆ 24×28 ಸೆಂ.ಮೀ. ಇರಲಿ. ಅಕ್ಷರವನ್ನು ಗುಂಡಿಯ ಮೇಲೆ ಅಂಟಿಸಬೇಡಿ, ಒತ್ತುವ ಬೆರಳು ಅದನ್ನೇ ಮರೆಮಾಡುತ್ತದೆ. ಹಲಗೆಯ ಮೇಲೆ ಹಾಸುವ ಹಾಳೆಯಲ್ಲಿ, ಗುಂಡಿಗಿಂತ ಮೇಲೆ, 2.5 ಸೆಂ.ಮೀ. ಎತ್ತರದ ಅಕ್ಷರವಾಗಿ ಬರೆಯಿರಿ.

ಪ್ರತಿ ಗುಂಡಿಯ ಒಂದು ತುದಿ ಅದರ ಸಾಲಿನ ವೈರಿಗೆ, ಇನ್ನೊಂದು ಅದರ ಕಂಬಸಾಲಿನ ವೈರಿಗೆ ಸೇರಲಿ. ಪ್ರತಿ ಸಾಲಿಗೆ ಒಂದು, ಪ್ರತಿ ಕಂಬಸಾಲಿಗೆ ಒಂದರಂತೆ ಎಂಟು ವೈರುಗಳನ್ನು ನ್ಯಾನೊದ 2ರಿಂದ 9ನೇ ಪಿನ್‌ಗೆ ಕೊಡಿ. ಪ್ಲೇಯರಿನ ಟಿಎಕ್ಸ್ (ಸಂದೇಶ ಕಳಿಸುವ ಪಿನ್) 10ಕ್ಕೆ, ಬ್ಯುಸಿ ಪಿನ್ (ದನಿ ನುಡಿಯುತ್ತಿರುವಾಗ ಲೋ, ಅಂದರೆ ಸೊನ್ನೆ ವೋಲ್ಟಿನ ಹತ್ತಿರ ಇರುವುದು) 12ಕ್ಕೆ. 11ರಿಂದ ಆರ್‌ಎಕ್ಸ್‌ಗೆ (ಆಜ್ಞೆ ಪಡೆಯುವ ಪಿನ್) ಹೋಗುವ ವೈರಿನ ನಡುವೆ ರೆಸಿಸ್ಟರ್ ಇರಲಿ. ಅದಿಲ್ಲದಿದ್ದರೆ ಸ್ಪೀಕರಿನಲ್ಲಿ ಗುಂಯ್ ಎನ್ನುವ ಸದ್ದು ಬರುವುದುಂಟು. ಸ್ಪೀಕರಿನ ಎರಡೂ ತಂತಿ ಎಸ್‌ಪಿಕೆ1, ಎಸ್‌ಪಿಕೆ2ಕ್ಕೇ ಸೇರಬೇಕು, ಒಂದನ್ನೂ ಗ್ರೌಂಡ್‌ಗೆ ಕೊಡಬಾರದು. ಸೆಲ್‌ಗಳ ಪ್ಲಸ್ ಸ್ವಿಚ್ ಮೂಲಕ ನ್ಯಾನೊದ 5 ವೋಲ್ಟ್ ಪಿನ್‌ಗೂ ಪ್ಲೇಯರಿನ ವಿಸಿಸಿಗೂ (ವಿದ್ಯುತ್ ಪಡೆಯುವ ಪಿನ್) ಹೋಗಲಿ, ಗ್ರೌಂಡ್ ಎಲ್ಲಕ್ಕೂ ಒಂದೇ. ದನಿ ಜೋರಾದಾಗ ವೋಲ್ಟೇಜ್ ಕುಸಿದು ನ್ಯಾನೊ ಮತ್ತೆ ಶುರುವಾಗದಂತೆ ಪ್ಲೇಯರಿನ ಪಕ್ಕದಲ್ಲೇ ವಿಸಿಸಿ, ಗ್ರೌಂಡ್ ನಡುವೆ ಕೆಪಾಸಿಟರ್ ಹಾಕಿ, ಪ್ಲಸ್ ಮೈನಸ್ ನೋಡಿಕೊಂಡು. ಪವರ್ ಬ್ಯಾಂಕ್ ಬೇಡ. ಇಷ್ಟು ಕಡಿಮೆ ಕರೆಂಟ್ ಎಳೆದರೆ ಬಹಳಷ್ಟು ಪವರ್ ಬ್ಯಾಂಕುಗಳು ತಾವೇ ಆಫ್ ಆಗುತ್ತವೆ.

ಹೆಚ್ಚು ಹೊತ್ತು ಕೊಡಬೇಕಾದ್ದು ದನಿಮುದ್ರಣಕ್ಕೆ. ಹ್ರಸ್ವ ಒಂದು ಮಾತ್ರೆ, ದೀರ್ಘ ಎರಡು. ಎ, ಏ ಎರಡೂ ಒಂದೇ ಉದ್ದಕ್ಕೆ ಕೇಳಿಸಿದರೆ ಆಟಿಕೆ ತಪ್ಪು ಕಲಿಸಿದಂತೆ. ಎಲ್ಲವನ್ನೂ ಒಬ್ಬರೇ, ಒಂದೇ ಸಲಕ್ಕೆ ಕೂತು ಹೇಳಲಿ. ಪ್ರತಿ ಫೈಲಿನ ಮೊದಲು ಕಾಲು ಸೆಕೆಂಡ್ ಮೌನ ಸೇರಿಸಿ, ಇಲ್ಲವಾದರೆ ಅಕ್ಷರದ ತಲೆ ಕತ್ತರಿಸಿಹೋಗಬಹುದು. ಕಾರ್ಡನ್ನು ಫ್ಯಾಟ್32 ಆಗಿ ಫಾರ್ಮ್ಯಾಟ್ ಮಾಡಿ, ‘ಎಂಪಿ3’ ಎಂಬ ಫೋಲ್ಡರಿನಲ್ಲಿ 0001ರಿಂದ 0015 ಅಕ್ಷರಗಳು, 0021ರಿಂದ 0035 ಅದೇ ಕ್ರಮದ ಪ್ರಶ್ನೆಗಳು, 0041 ‘ಸರಿ!’ ಎಂದಿಡಿ. (ಫೋಲ್ಡರ್ ಹೆಸರು ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು.) ಪ್ರೋಗ್ರಾಮಿನಲ್ಲೂ ಈ ಫೋಲ್ಡರಿನಿಂದ ನುಡಿಸುವ ಆಜ್ಞೆಯನ್ನೇ ಬಳಸಿ. ಸಾದಾ ಆಜ್ಞೆ ಫೈಲಿನ ಹೆಸರು ನೋಡುವುದಿಲ್ಲ, ಕಾಪಿ ಮಾಡಿದ ಕ್ರಮ ನೋಡುತ್ತದೆ. ಅ ಒತ್ತಿದರೆ ಊ ಕೇಳುವುದು ಹೀಗೆಯೇ.

ಸ್ವಿಚ್ ಹಾಕಿದ ಮೇಲೆ ಕಾರ್ಡ್ ಓದಿಕೊಳ್ಳಲು ಪ್ಲೇಯರಿಗೆ ಎರಡು ಸೆಕೆಂಡ್ ಬಿಡುವು ಕೊಡಿ. ಬ್ಯುಸಿ ಪಿನ್ ಲೋ ಇದ್ದಷ್ಟು ಹೊತ್ತೂ ಹೊಸ ಒತ್ತನ್ನು ಲೆಕ್ಕಿಸದಂತೆ ಬರೆಯಿರಿ. ಮಕ್ಕಳು ಪಟಪಟ ಒತ್ತುತ್ತಾರೆ, ಪ್ರತಿ ಸಲ ಹೊಸದಾಗಿ ನುಡಿದರೆ ಒಂದು ಅಕ್ಷರವೂ ಪೂರ್ತಿ ಕೇಳಿಸದು. ಆಜ್ಞೆ ಕಳಿಸಿದ ಕೂಡಲೇ ಆ ಪಿನ್ ಲೋ ಆಗುವುದಿಲ್ಲವಾದ್ದರಿಂದ 200 ಮಿಲಿಸೆಕೆಂಡ್ ಕಾದು ನೋಡಿ. ಅಂಗೈಯಿಡೀ ಊರಿ ಹಲವು ಗುಂಡಿ ಒತ್ತಿದರೆ ಆಟಿಕೆ ಸುಮ್ಮನಿರಲಿ.

ತಪ್ಪು ಉತ್ತರಕ್ಕೆ ಬಜರ್ ಇಡಬೇಡಿ. ಆ ಸದ್ದಿನ ಖುಷಿಗೇ ಮಗು ತಪ್ಪು ಒತ್ತತೊಡಗುತ್ತದೆ. ಒತ್ತಿದ ಅಕ್ಷರವನ್ನು ಹೇಳಿ, ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಸಾಕು. ಮೊದಲಿಗೆ ಪ್ರಶ್ನೆಗಳು ಅ, ಆ, ಇ, ಈ ನಾಲ್ಕರಲ್ಲೇ ಇರಲಿ.

ವಾಲ್ಯೂಮ್ 0ಯಿಂದ 30ರವರೆಗಿದೆ, 15ರಿಂದ ಶುರುಮಾಡಿ ಮಗು ಕೂರುವಷ್ಟೇ ಹತ್ತಿರದಿಂದ ಕೇಳಿ ನೋಡಿ. ಬಟನ್ ಸೆಲ್ ಎಂದಿಗೂ ಬಳಸಬೇಡಿ: ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು. ಗುಂಡಿಗಳ ಟೊಪ್ಪಿ ಎಳೆದರೆ ಕಳಚದಂತಿರಬೇಕು. ದನಿ ಒಡೆಯತೊಡಗಿದರೆ ಮೊದಲು ಸೆಲ್ ಬದಲಿಸಿ.

ವ್ಯಂಜನಕ್ಕೆ ಹೊಸ ಹಾಳೆ, ಹೊಸ ಕಾರ್ಡ್ ಸಾಕು. ಕ, ಚ, ಟ ವರ್ಗಗಳು ಸೇರಿ ಸರಿಯಾಗಿ 15; ತ, ಪ ವರ್ಗಗಳ 10 ಮುಂದಿನ ಹಾಳೆಗೆ, ಅವರ್ಗೀಯ 9 ಅದರ ಮುಂದಿನದಕ್ಕೆ. ಖ, ಛ, ಠ ಮುದ್ರಿಸುವಾಗ ಮೈಕನ್ನು ಬಾಯಿಗೆ ಓರೆಯಾಗಿ ಹಿಡಿಯಿರಿ. ನೇರ ಹಿಡಿದರೆ ಮಹಾಪ್ರಾಣದ ಉಸಿರು ಬಡಿದು ಭುಸ್ಸೆನ್ನುತ್ತದೆ.