ಆರೋಗ್ಯ ಅಧ್ಯಯನಗಳಲ್ಲಿ ಆಯ್ಕೆಯ ದೋಷವನ್ನು ಪತ್ತೆಹಚ್ಚುವ ಬಗೆ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಯಾವುದೋ ಬಡಾವಣೆಯ ಪಾರ್ಕಿನಲ್ಲಿ ಉಚಿತ ತಪಾಸಣಾ ಶಿಬಿರ ನಡೆಯುತ್ತಿದೆ ಎಂದುಕೊಳ್ಳಿ. ಅಲ್ಲಿ ರಕ್ತ ಕೊಡುವವರು ವಾಕಿಂಗ್‌ಗೆ ಬಂದವರು, ಮನೆಯಲ್ಲಿ ಸಕ್ಕರೆ ಕಾಯಿಲೆ ಇರುವುದರಿಂದ ತಮಗೂ ಬಂದೀತೆಂಬ ಅಳುಕುಳ್ಳವರು. ರಾತ್ರಿ ಪಾಳಿ ಮುಗಿಸಿ ಮಲಗಿದ ಸೆಕ್ಯುರಿಟಿ ಕಾವಲುಗಾರನಾಗಲಿ, ಆ ಹೊತ್ತಿಗೆ ಮೂರನೆಯ ಮನೆಯ ಪಾತ್ರೆ ತೊಳೆಯುತ್ತಿರುವ ಹೆಂಗಸಾಗಲಿ ಆ ಪಟ್ಟಿಯಲ್ಲಿ ಇರುವುದಿಲ್ಲ. ಯಾರು ಪಟ್ಟಿಗೆ ಸೇರಿದರು, ಯಾರು ಸೇರಲಿಲ್ಲ ಎಂಬುದರಿಂದಲೇ ಫಲಿತಾಂಶ ಓರೆಯಾಗುವುದನ್ನು ಆಯ್ಕೆಯ ದೋಷ ಎನ್ನುತ್ತಾರೆ. ಇಂಥ ಪಟ್ಟಿಯಿಂದ ‘ಇದು ಅದಕ್ಕೆ ಕಾರಣ’ ಎಂದು ಹೇಳಹೊರಡುವವರು ಮೊದಲು ಮಾಡಬೇಕಾದ ಕೆಲಸವೆಂದರೆ, ಒಬ್ಬ ವ್ಯಕ್ತಿ ಈ ಪಟ್ಟಿಗೆ ಸೇರಲು ಯಾವ ಯಾವ ಬಾಗಿಲು ದಾಟಬೇಕಾಯಿತೆಂದು ಬರೆದಿಡುವುದು: ಆ ವಯಸ್ಸಿನವರೆಗೆ ಬದುಕಿರುವುದು, ಸುದ್ದಿ ತಿಳಿಯುವುದು, ಬಿಡುವಿರುವುದು, ಒಪ್ಪಿಗೆ ಕೊಡುವುದು, ಮರುಭೇಟಿಗೂ ಬರುವುದು.

ಅನಂತರ ಕಾಗದದ ಮೇಲೆ ಚಿತ್ರ ಬರೆಯಿರಿ. ನೀವು ಶಂಕಿಸುವ ಕಾರಣ ಒಂದು ಕಡೆ, ಕಾಯಿಲೆ ಇನ್ನೊಂದು ಕಡೆ, ನಡುವೆ ‘ಪಟ್ಟಿಗೆ ಸೇರಿದರು’ ಎಂಬ ಚೌಕ. ಯಾವುದರಿಂದ ಯಾವುದಕ್ಕೆ ಪ್ರಭಾವವಿದೆಯೋ ಅಲ್ಲಿ ಬಾಣ ಎಳೆಯಿರಿ. ಕಾರಣದಿಂದ ಮಾತ್ರ ಚೌಕಕ್ಕೆ ಬಾಣವಿದ್ದರೆ ಹೋಲಿಕೆ ಸಾಮಾನ್ಯವಾಗಿ ಕೆಡುವುದಿಲ್ಲ. ಕಾರಣದ ಕಡೆಯಿಂದಲೂ ಕಾಯಿಲೆಯ ಕಡೆಯಿಂದಲೂ, ಅಥವಾ ಅವುಗಳಿಗೆ ಮೂಲವಾದ ಬೇರೆ ಸಂಗತಿಗಳಿಂದ, ಬಾಣಗಳು ಬಂದು ಚೌಕದಲ್ಲಿ ಕೂಡಿದರೆ ಎಚ್ಚರ ವಹಿಸಬೇಕು. ಬಾರದವರು ಬಹಳ ಎಂಬುದಕ್ಕಿಂತ ಈ ಕೂಡುವಿಕೆಯೇ ಹೆಚ್ಚು ಅಪಾಯದ್ದು ಎಂಬುದು ನನ್ನ ಅಭಿಪ್ರಾಯ.

ಅಮೆರಿಕದ ವೈದ್ಯ, ಸಂಖ್ಯಾಶಾಸ್ತ್ರಜ್ಞ ಜೋಸೆಫ್ ಬರ್ಕ್‌ಸನ್ 1946ರಲ್ಲೇ ಸಕ್ಕರೆ ಕಾಯಿಲೆ ಮತ್ತು ಪಿತ್ತಕೋಶದ ಉರಿಯೂತಗಳ ಉದಾಹರಣೆಯಿಂದ ಇದನ್ನು ತೋರಿಸಿದ್ದರು. ಲೆಕ್ಕವನ್ನು ನೀವೇ ಮಾಡಿ ನೋಡಬಹುದು. ಮುಂದಿನ ಅಂಕಿಗಳು ಅಭ್ಯಾಸಕ್ಕಾಗಿ ಕಲ್ಪಿಸಿದವು. 10,000 ಜನರಲ್ಲಿ 1,000 ಮಂದಿಗೆ ಸಕ್ಕರೆ ಕಾಯಿಲೆ, 1,000 ಮಂದಿಗೆ ಪಿತ್ತಕೋಶದ ತೊಂದರೆ ಇದ್ದು, ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ 100 ಮಂದಿಗೆ ಎರಡೂ ಇರುತ್ತವೆ. ಒಂದೇ ಕಾಯಿಲೆ ಇರುವವರಲ್ಲಿ ನೂರಕ್ಕೆ 20, ಎರಡೂ ಇರುವವರಲ್ಲಿ 36, ಯಾವುದೂ ಇಲ್ಲದವರಲ್ಲಿ 5 ಮಂದಿ ಆಸ್ಪತ್ರೆ ಸೇರಲಿ. ಆಗ ವಾರ್ಡಿನ 216 ಸಕ್ಕರೆ ರೋಗಿಗಳಲ್ಲಿ 36 ಮಂದಿಗೆ, ಅಂದರೆ ಸುಮಾರು ಶೇ. 17ಕ್ಕೆ, ಪಿತ್ತಕೋಶದ ತೊಂದರೆ. ಉಳಿದ 585 ರೋಗಿಗಳಲ್ಲಿ 180 ಮಂದಿಗೆ, ಅಂದರೆ ಸುಮಾರು ಶೇ. 31ಕ್ಕೆ. ಊರಿನಲ್ಲಿ ಎರಡೂ ಗುಂಪುಗಳಲ್ಲಿ ಶೇ. 10 ಮಾತ್ರ. ಸಕ್ಕರೆ ಕಾಯಿಲೆ ಪಿತ್ತಕೋಶವನ್ನು ಕಾಪಾಡುತ್ತದೆಂದು ನಂಬಿಸುವಂತಿರುವ ಈ ಅಂತರವನ್ನು ಹುಟ್ಟಿಸಿದ್ದು ಆಸ್ಪತ್ರೆಯ ಬಾಗಿಲು.

ಜೀನುಗಳು ಗರ್ಭಧಾರಣೆಯ ವೇಳೆಯಲ್ಲೇ ಹಂಚಿಕೆಯಾಗುವುದರಿಂದ ತಳಿ ಅಧ್ಯಯನಗಳಿಗೆ ಈ ದೋಷ ತಟ್ಟುವುದಿಲ್ಲ ಎನ್ನುವವರಿದ್ದಾರೆ. ಹಂಚಿಕೆ ಹುಟ್ಟಿಗೆ ಮೊದಲೇ ಆದರೂ ಆಯ್ಕೆ ನಡೆಯುವುದು ದಶಕಗಳ ನಂತರ. ಏಪಿಒಇ ಜೀನಿನ ಎಪ್ಸಿಲಾನ್-4 ರೂಪ ಆಲ್ಝೈಮರ್ಸ್ ಎಂಬ ಮರೆವಿನ ಕಾಯಿಲೆಯ ಅಪಾಯವನ್ನೂ ಹೃದ್ರೋಗದ ಅಪಾಯವನ್ನೂ ಹೆಚ್ಚಿಸುತ್ತದೆ. ಅದನ್ನು ಹೊತ್ತೂ 75 ದಾಟಿದವರಲ್ಲಿ ಅವರನ್ನು ಉಳಿಸಿದ ಬೇರಾವುದೋ ಅನುಕೂಲ ಇರುವ ಸಂಭವ ಹೆಚ್ಚು. ಹೀಗೆ ಹುಟ್ಟುವಾಗ ಸಂಬಂಧವಿಲ್ಲದ ಎರಡು ಸಂಗತಿಗಳು ವೃದ್ಧರ ಪಟ್ಟಿಯಲ್ಲಿ ಜೊತೆಯಾಗಿ ಕಾಣುತ್ತವೆ. ಐಐಎಸ್‌ಸಿ ಆವರಣದ ಮೆದುಳು ಸಂಶೋಧನಾ ಕೇಂದ್ರ ಬೆಂಗಳೂರಿನಲ್ಲೂ ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲೂ 45 ದಾಟಿದವರನ್ನು ವರ್ಷಗಟ್ಟಲೆ ಗಮನಿಸುತ್ತಿದೆ. ಇಂಥ ಅಮೂಲ್ಯ ಮಾಹಿತಿಯನ್ನು ಓದುವಾಗ 45ಕ್ಕೆ ಮೊದಲೇ ತೀರಿಕೊಂಡವರನ್ನೂ ನಡುವೆ ಬಿಟ್ಟುಹೋದವರನ್ನೂ ಚಿತ್ರದಲ್ಲಿ ಸೇರಿಸಿಕೊಳ್ಳಬೇಕು.

ಗಾತ್ರ ದೊಡ್ಡದಾದರೆ ದೋಷ ಕರಗುವುದಿಲ್ಲ. ಬ್ರಿಟನ್ನಿನ ಬೃಹತ್ ಆರೋಗ್ಯ ಅಧ್ಯಯನವಾದ ಯುಕೆ ಬಯೋಬ್ಯಾಂಕ್ 2006ರಿಂದ 2010ರವರೆಗೆ ಸುಮಾರು 5 ಲಕ್ಷ ಜನರನ್ನು ಸೇರಿಸಿಕೊಂಡಿತು. ಆದರೆ ಆಹ್ವಾನಿತರಲ್ಲಿ ಒಪ್ಪಿ ಬಂದವರು ಶೇ. 5.5 ಮಾತ್ರ.

ಪರೀಕ್ಷಿಸುವ ಒಂದು ಸೊಗಸಾದ ಉಪಾಯವಿದೆ: ಸಂಬಂಧ ಇರಲಾರದ ಕಡೆ ಸಂಬಂಧ ಹುಡುಕಿ. ಲಿಂಗ ನಿರ್ಧರಿಸದ ಸಾಮಾನ್ಯ ವರ್ಣತಂತುಗಳ ಜೀನ್ ರೂಪಗಳು ಗಂಡಸರಲ್ಲೂ ಹೆಂಗಸರಲ್ಲೂ ಹೆಚ್ಚುಕಡಿಮೆ ಸಮನಾಗಿರಬೇಕು. 2021ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ಜೀನ್ ಪರೀಕ್ಷೆ ಮಾಡಿಕೊಡುವ 23ಅಂಡ್‌ಮಿ ಕಂಪನಿಯ ಸುಮಾರು 33 ಲಕ್ಷ ಜನರ ಮಾಹಿತಿಯಲ್ಲಿ ಈ ವರ್ಣತಂತುಗಳ 150ಕ್ಕೂ ಹೆಚ್ಚು ತಾಣಗಳಲ್ಲಿ ವ್ಯತ್ಯಾಸ ಕಂಡಿತು. ಭಾಗವಹಿಸುವ ಮನಸ್ಸನ್ನು ಗಂಡು ಹೆಣ್ಣುಗಳಲ್ಲಿ ಬೇರೆ ಬೇರೆ ಸಂಗತಿಗಳು ರೂಪಿಸುತ್ತವೆ ಎಂಬುದೇ ಅದಕ್ಕೆ ಕೊಟ್ಟ ಮುಖ್ಯ ವಿವರಣೆ.

ಪರಿಹಾರಗಳಲ್ಲಿ ತೂಕ ಕೊಡುವುದು ಮುಖ್ಯವಾದುದು. ಒಂದು ಗುಂಪಿನಿಂದ ನಾಲ್ಕರಲ್ಲೊಬ್ಬರು ಬಂದಿದ್ದರೆ ಅವರ ಮಾಹಿತಿಗೆ ನಾಲ್ಕರ ತೂಕ. ಈ ಪ್ರಮಾಣ ಪಟ್ಟಿಯೊಳಗೆ ಸಿಗದು. ಜನಗಣತಿ ಅಥವಾ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂಥ ಹೊರಗಿನ ಆಕರ ಬೇಕು. ಆ ಗುಂಪಿನಿಂದ ಒಬ್ಬರೂ ಬಾರದಿದ್ದರೆ ಯಾವ ತೂಕವೂ ನೆರವಾಗದು. ಆದ್ದರಿಂದ ಅಧ್ಯಯನ ಆರಂಭಿಸುವವರು ಮೊದಲ ದಿನದಿಂದಲೇ, ನೀತಿ ಸಮಿತಿಯ ಅನುಮತಿ ಪಡೆದು, ಬರಲೊಲ್ಲೆನೆಂದವರ ಹೆಸರನ್ನು ಬಿಟ್ಟು ವಯಸ್ಸು, ಲಿಂಗ, ಬಡಾವಣೆಗಳನ್ನಾದರೂ ಗುರುತು ಹಾಕಿಕೊಳ್ಳಬೇಕು. ಎರಡು ವರ್ಷ ಕಳೆದ ಮೇಲೆ ಆ ಬಾಗಿಲುಗಳನ್ನು ಮತ್ತೆ ತಟ್ಟಿ ಕೇಳಲಾಗುವುದಿಲ್ಲ.