ನುಡಿಯಲ್ಲಿ ಟೈಪ್ ಮಾಡಿದ ಪ್ರಶ್ನೆಪತ್ರಿಕೆ ಮಕ್ಕಳ ಮೊಬೈಲಿನಲ್ಲೂ ಓದಲು ಬರಬೇಕೆ?

ಶಾಲೆಯ ಕಂಪ್ಯೂಟರಿನಲ್ಲಿ ಚೆನ್ನಾಗಿಯೇ ಕಾಣುತ್ತಿದ್ದ ಘಟಕ ಪರೀಕ್ಷೆಯ ಪ್ರಶ್ನೆಗಳನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಅಂಟಿಸಿದರೆ, "ಸರ್, ಏನೂ ಓದೋಕಾಗ್ತಿಲ್ಲ" ಎಂಬ ಉತ್ತರ ಬರುತ್ತದೆ. ‘ಪ್ರಶ್ನೆ’ ಎಂಬ ಪದವಿದ್ದ ಜಾಗದಲ್ಲಿ ಜಪಾನಿನ ಯೆನ್ ಗುರುತು, ತಲೆಯ ಮೇಲೆ ಓರೆಗೀಟಿರುವ ಇಂಗ್ಲಿಷ್ ಅಕ್ಷರ, ಗಣಿತದ ಕೂಡು-ಕಳೆ ಚಿಹ್ನೆ ಸಾಲಾಗಿ ಕೂತಿರುತ್ತವೆ. ಕಡತ ಕೆಟ್ಟಿಲ್ಲ, ಮೊಬೈಲೂ ಕೆಟ್ಟಿಲ್ಲ. ಆ ಕಡತದಲ್ಲಿ ಮೊದಲಿನಿಂದಲೂ ಇದ್ದದ್ದು ಅವೇ ಚಿಹ್ನೆಗಳು.

ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳು ಮಾಡುವುದು ವೇಷ ಹಾಕುವ ಕೆಲಸ. ಕಂಪ್ಯೂಟರಿನ ಮಟ್ಟಿಗೆ ಅಲ್ಲಿರುವುದು ಇಂಗ್ಲಿಷ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆಗಳು. ಫಾಂಟು ಅವುಗಳ ಮೇಲೆ ಕನ್ನಡದ ಚಿತ್ರ ತೊಡಿಸುತ್ತದೆ. ಆ ಫಾಂಟು ಇಲ್ಲದ ಕಡೆ ವೇಷ ಕಳಚುತ್ತದೆ. ಇದನ್ನೇ ‘ಆಸ್ಕಿ ಕನ್ನಡ’ ಎನ್ನುವುದು. ಲಿಪಿಗಳ ಅಕ್ಷರಗಳಿಗೆ ಅವುಗಳದೇ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆಯಾದ ಯೂನಿಕೋಡ್‌ನಲ್ಲಿ ಹಾಗಲ್ಲ. 1991ರ ಮೊದಲ ಆವೃತ್ತಿಯಿಂದಲೇ ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳ ಸ್ವಂತ ಜಾಗವಿದೆ. ‘ಕ’ ಎಂದರೆ ಎಲ್ಲ ಸಾಧನದಲ್ಲೂ ‘ಕ’ನೇ.

ತರಗತಿಗೆ ಹೊಸ ಆ್ಯಪ್ ಹುಡುಕುವ ಮೊದಲು ಕನ್ನಡ ಮಾಧ್ಯಮದ ಶಿಕ್ಷಕರು ಮಾಡಿಕೊಳ್ಳಬೇಕಾದ ಕೆಲಸ ಇದು: ನಿಮ್ಮ ಪ್ರಶ್ನೆಗಳು, ಟಿಪ್ಪಣಿಗಳು, ಪಾಠಯೋಜನೆಗಳು ಯೂನಿಕೋಡ್‌ನಲ್ಲಿರಲಿ. ಗೂಗಲ್ ಫಾರ್ಮ್, ಅನುವಾದ, ಹುಡುಕಾಟ, ಗಟ್ಟಿಯಾಗಿ ಓದಿಸುವ ಸೌಲಭ್ಯ ಎಲ್ಲವೂ ನಿಂತಿರುವುದು ಅದರ ಮೇಲೆ. ಹಳೆಯದನ್ನು ಬಿಸಾಡಬೇಕಿಲ್ಲ, ಮತ್ತೆ ಟೈಪ್ ಮಾಡಲೂಬೇಕಿಲ್ಲ.

ಮೊದಲು ಪರೀಕ್ಷಿಸಿ

ವರ್ಡ್ ಕಡತ ತೆರೆದು ಒಂದು ಸಾಲನ್ನು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಅಂಟಿಸಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಪರಿವರ್ತನೆಯ ಗೊಡವೆ ಬೇಡ. ಚಿಹ್ನೆಗಳು ಬಂದರೆ ಆಸ್ಕಿ. ಫಾಂಟಿನ ಹೆಸರು ಎಲ್ಲಿಯದು ಎಂಬುದನ್ನೂ ಬರೆದಿಟ್ಟುಕೊಳ್ಳಿ: ನುಡಿಯದೋ, ಬರಹದ್ದೋ, ಶ್ರೀಲಿಪಿಯದೋ. ಶ್ರೀಲಿಪಿಯ ಸಂಕೇತಗಳು ನುಡಿಯವುಗಳಿಗಿಂತ ಬೇರೆ. ನುಡಿಗೆಂದು ಮಾಡಿದ ಪರಿವರ್ತಕಕ್ಕೆ (ಆಸ್ಕಿಯನ್ನು ಯೂನಿಕೋಡ್ ಮಾಡುವ ತಂತ್ರಾಂಶಕ್ಕೆ) ಅದನ್ನು ಕೊಟ್ಟರೆ ಅರ್ಥವಿಲ್ಲದ ಕನ್ನಡ ಬರುತ್ತದೆ.

ಪರಿವರ್ತನೆಗೆ ಮುಂಚೆ ಇಂಗ್ಲಿಷಿಗೆ ಬಣ್ಣ

ಹೆಚ್ಚಿನವರು ಎಡವುವುದು ಇಲ್ಲಿ. ಪರಿವರ್ತಕಕ್ಕೆ ಪಠ್ಯವನ್ನು ಅಂಟಿಸಿದ ಕ್ಷಣ ಫಾಂಟಿನ ಮಾಹಿತಿ ಕಳೆದುಹೋಗುತ್ತದೆ. ಯಾವುದು ವೇಷದ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಎಂದು ಅದಕ್ಕೆ ತಿಳಿಯುವುದಿಲ್ಲ, ಕಂಡದ್ದನ್ನೆಲ್ಲ ಕನ್ನಡ ಮಾಡುತ್ತದೆ. ನುಡಿಯ ಸಂಕೇತದಲ್ಲಿ ಇಂಗ್ಲಿಷಿನ ದೊಡ್ಡ ‘ಎಚ್’ ಎಂದರೆ ಊ, ದೊಡ್ಡ ‘ಓ’ ಎಂದರೆ ಔ. ಹಾಗಾಗಿ ವಿಜ್ಞಾನದ ಪತ್ರಿಕೆಯಲ್ಲಿ ನೀರಿನ ರಾಸಾಯನಿಕ ಸೂತ್ರ ‘ಊ2ಔ’ ಆಗಿ ಹೊರಬರುತ್ತದೆ. ಬಹು ಆಯ್ಕೆ ಪ್ರಶ್ನೆಗಳಲ್ಲಿ ಇಂಗ್ಲಿಷಿನ ದೊಡ್ಡ ಎ, ಬಿ, ಸಿ, ಡಿ ಹಾಕಿದ್ದರೆ ಅವು ಅನುಸ್ವಾರ, ವಿಸರ್ಗ, ಅ, ಆ ಆಗುತ್ತವೆ. ಅವಸರದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಪರೀಕ್ಷೆಯ ದಿನ ಮಕ್ಕಳ ಕಣ್ಣಿಗೆ ಬೀಳುತ್ತದೆ.

ತಪ್ಪಿಸುವ ದಾರಿ ಹೀಗೆ. ಮೂಲ ಕಡತದ ಒಂದು ಪ್ರತಿ ಮಾಡಿಕೊಳ್ಳಿ. ಆ ಪ್ರತಿಯನ್ನು ವರ್ಡ್‌ನಲ್ಲಿ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ. ‘ಫೈಂಡ್’ ಪೆಟ್ಟಿಗೆ ಖಾಲಿಯಿರಲಿ. ‘ಮೋರ್’ ಒತ್ತಿ, ‘ಫಾರ್ಮ್ಯಾಟ್’ನಲ್ಲಿ ‘ಫಾಂಟ್’ ಆರಿಸಿ, ಇಂಗ್ಲಿಷ್ ಭಾಗಕ್ಕೆ ಬಳಸಿದ ಫಾಂಟನ್ನು (ಬಹುಪಾಲು ಟೈಮ್ಸ್ ನ್ಯೂ ರೋಮನ್) ಕೊಡಿ. ಕೆಳಗಿನ ‘ರೀಪ್ಲೇಸ್’ ಪೆಟ್ಟಿಗೆಯಲ್ಲಿ ಕರ್ಸರ್ ಇಟ್ಟು, ಮತ್ತೆ ‘ಫಾರ್ಮ್ಯಾಟ್’ಗೆ ಹೋಗಿ ‘ಹೈಲೈಟ್’ ಆರಿಸಿ, ‘ರೀಪ್ಲೇಸ್ ಆಲ್’ ಒತ್ತಿ. ಇಂಗ್ಲಿಷ್ ಇರುವಲ್ಲೆಲ್ಲ ಬಣ್ಣ ಬಳಿದುಕೊಳ್ಳುತ್ತದೆ. ಈ ಪ್ರತಿಯನ್ನು ಪಕ್ಕದಲ್ಲೇ ತೆರೆದಿಡಿ. ಪರಿವರ್ತನೆಯ ನಂತರ ಬಣ್ಣವಿದ್ದ ಜಾಗಗಳನ್ನಷ್ಟೇ ಕೈಯಲ್ಲಿ ತುಂಬಿದರೆ ಸಾಕು. ಘಾತಾಂಕಗಳನ್ನೂ ಆಗಲೇ ಸರಿಪಡಿಸಿ. ಮೇಲೆ ಬರೆದ 2, ಬರೀ ಪಠ್ಯವಾಗಿ ಅಂಟಿಸಿದಾಗ ಪಕ್ಕದ 2 ಆಗಿರುತ್ತದೆ. ಗಣಿತದ ಪತ್ರಿಕೆಗೆ ಪರಿವರ್ತನೆ ಅಷ್ಟೇನೂ ಲಾಭವಲ್ಲ, ಸೂತ್ರಗಳೇ ಹೆಚ್ಚಿದ್ದರೆ ಹೊಸದಾಗಿ ಟೈಪ್ ಮಾಡುವುದೇ ವಾಸಿ. ಸಮಾಜ ವಿಜ್ಞಾನ, ಕನ್ನಡ, ಪರಿಸರ ಅಧ್ಯಯನಕ್ಕೆ ತುಂಬ ಸಮಯ ಉಳಿಯುತ್ತದೆ.

ಪರಿವರ್ತನೆ

‘ಆಸ್ಕಿಯಿಂದ ಯೂನಿಕೋಡ್’ ಎಂದು ಹುಡುಕಿದರೆ ಉಚಿತ ಪರಿವರ್ತಕಗಳು ಸಿಗುತ್ತವೆ. ನುಡಿ, ಬರಹ ತಂತ್ರಾಂಶಗಳ ಜೊತೆಗೂ ಪರಿವರ್ತಕ ಬರುತ್ತದೆ. ಇಂಟರ್ನೆಟ್ ಮೂಲಕ ಮಾಡುವುದಾದರೆ ಇನ್ನೂ ನಡೆಯಬೇಕಾದ ಪರೀಕ್ಷೆಯ ಪ್ರಶ್ನೆಗಳನ್ನು ಅಲ್ಲಿ ಅಂಟಿಸಬೇಡಿ, ಮಕ್ಕಳ ಹೆಸರಿರುವ ಅಂಕಪಟ್ಟಿಯನ್ನಂತೂ ಬೇಡವೇ ಬೇಡ. ಅಂಥದ್ದಕ್ಕೆ ಕಂಪ್ಯೂಟರಿನಲ್ಲೇ ಇರುವ ಪರಿವರ್ತಕ ಬಳಸಿ.

ಇಡೀ ಕಡತವನ್ನು ಒಮ್ಮೆಲೇ ಹಾಕದೆ ಒಂದೊಂದು ಪುಟ ಹಾಕಿ. ಬಂದದ್ದನ್ನು ಹೊಸ ವರ್ಡ್ ಕಡತಕ್ಕೆ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂಬ ಆಯ್ಕೆಯಲ್ಲಿ ಅಂಟಿಸಿ, ಇಡಿಯಾಗಿ ಆಯ್ದು ಫಾಂಟನ್ನು ನಿರ್ಮಲಾ ಯುಐ ಮಾಡಿ. ವಿಂಡೋಸ್ 8ರಿಂದ ಈಚೆಗೆ ಅದು ವಿಂಡೋಸ್ ಜೊತೆಗೇ ಇದೆ. ಮುದ್ರಣಕ್ಕೆ ಇನ್ನಷ್ಟು ಅಂದ ಬೇಕೆಂದರೆ ಗೂಗಲ್ ಉಚಿತವಾಗಿ ಕೊಡುವ ನೋಟೊ ಸೆರಿಫ್ ಕನ್ನಡ ಹಾಕಿಕೊಳ್ಳಿ.

ಈಗ ತಿದ್ದುವ ಕೆಲಸ. ಅರ್ಕಾವತ್ತನ್ನು ಮೊದಲು ನೋಡಿ. ‘ಕರ್ನಾಟಕ’ ಎಂಬುದನ್ನು ಆಸ್ಕಿಯಲ್ಲಿ ಕಣ್ಣಿಗೆ ಕಾಣುವ ಕ್ರಮದಲ್ಲೇ ಕೂಡಿಸಿಟ್ಟಿರುತ್ತದೆ: ಮೊದಲು ‘ನಾ’, ಆಮೇಲೆ ಅರ್ಕಾವತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ಮೊದಲು ‘ರ್’, ಆಮೇಲೆ ‘ನಾ’. ಪರಿವರ್ತಕ ಅದನ್ನು ಹಿಂದಕ್ಕೆ ಜರುಗಿಸಬೇಕು, ಒತ್ತಕ್ಷರಗಳ ಜೊತೆ ಬಂದಾಗ ಕೆಲವೊಮ್ಮೆ ತಪ್ಪುತ್ತದೆ. ಎರಡೆರಡು ಒತ್ತಿರುವ ಪದಗಳನ್ನೂ ಹುಡುಕಿ ನೋಡಿ: ಸ್ವಾತಂತ್ರ್ಯ, ರಾಷ್ಟ್ರ, ವೈಶಿಷ್ಟ್ಯ. ಇವು ಸರಿಯಿದ್ದರೆ ಉಳಿದದ್ದು ಬಹುಮಟ್ಟಿಗೆ ಸರಿಯಿರುತ್ತದೆ.

ಇನ್ನೊಂದು ತೊಡಕು, ‘ಫೋನ್‌ಗಳು’ ಎಂದಿರಬೇಕಾದದ್ದು ‘ಫೋನ್ಗಳು’ ಆಗುವುದು. ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಒತ್ತಾಗಿಸುವುದು ಯೂನಿಕೋಡ್‌ನ ಸಹಜ ನಿಯಮ. ಬೇಡವೆಂದರೆ ಇವೆರಡರ ನಡುವೆ ಕಣ್ಣಿಗೆ ಕಾಣದ ಒಂದು ತಡೆ ಹಾಕಬೇಕು. ವರ್ಡ್‌ನಲ್ಲಿ ‘ನ್’ ಆದ ಕೂಡಲೇ 200 ಎಂದು ಒತ್ತಿ, ಅದಕ್ಕೆ ತಾಗಿದಂತೆ ಇಂಗ್ಲಿಷಿನ ಸಿ ಒತ್ತಿ, ಆಲ್ಟ್ ಹಿಡಿದು ಎಕ್ಸ್ ಒತ್ತಿ. ಆ ನಾಲ್ಕು ಅಕ್ಷರ ಮಾಯವಾಗಿ ತಡೆ ಕೂರುತ್ತದೆ. ಆಮೇಲೆ ‘ಗಳು’ ಟೈಪ್ ಮಾಡಿ. ಬಸ್‌ಗಳು, ವೋಲ್ಟ್‌ಗಳು, ಮ್ಯಾಪ್‌ನಲ್ಲಿ ಎಂಬಂಥ ಪದಗಳು ಹೆಚ್ಚಿದ್ದರೆ ಒಮ್ಮೆ ಸರಿ ಮಾಡಿ ‘ರೀಪ್ಲೇಸ್ ಆಲ್’ ಕೊಟ್ಟರಾಯಿತು.

ಕಾಗದದ ಮೇಲಷ್ಟೇ ಇದ್ದರೆ

ಹಳೆಯ ಪ್ರಶ್ನೆಪತ್ರಿಕೆಯ ಮುದ್ರಿತ ಪ್ರತಿ ಮಾತ್ರ ಉಳಿದಿದ್ದರೆ, ಇಲ್ಲವೇ ಕಾಪಿ ಮಾಡಿದರೆ ಚಿಹ್ನೆಗಳೇ ಬರುವ ಪಿಡಿಎಫ್ ಆಗಿದ್ದರೆ, ಚಿತ್ರದಿಂದಲೇ ಅಕ್ಷರ ಎತ್ತಬಹುದು. ಕಿಟಕಿಯ ಹತ್ತಿರ, ಕೈಯ ನೆರಳು ಬೀಳದಂತೆ, ಹಾಳೆಯನ್ನು ಚಪ್ಪಟೆಯಾಗಿ ಹರಡಿ ಮೇಲಿನಿಂದ ನೇರವಾಗಿ ಫೋಟೊ ತೆಗೆಯಿರಿ. ಅಡ್ಡ ಅಥವಾ ತಲೆಕೆಳಗಾಗಿದ್ದರೆ ತಿರುಗಿಸಿ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ. ಕಂಪ್ಯೂಟರಿನಲ್ಲಿ ಡ್ರೈವ್ ತೆರೆದು ಚಿತ್ರದ ಮೇಲೆ ಬಲಗುಂಡಿ ಒತ್ತಿ, ‘ಓಪನ್ ವಿತ್’ನಲ್ಲಿ ‘ಗೂಗಲ್ ಡಾಕ್ಸ್’ ಆರಿಸಿ. ಚಿತ್ರದ ಕೆಳಗೆ ಅದರ ಪಠ್ಯ ಯೂನಿಕೋಡ್‌ನಲ್ಲಿ ಬರುತ್ತದೆ. ಚಿತ್ರದ ಗಾತ್ರ 2 ಎಂಬಿಯ ಒಳಗಿರಲಿ ಎಂಬುದು ಗೂಗಲ್‌ನ ಸೂಚನೆ. ನಾಲ್ಕೈದು ಸಾಲಷ್ಟೇ ಬೇಕಿದ್ದರೆ ಮೊಬೈಲಿನ ಗೂಗಲ್ ಲೆನ್ಸ್ ಸಾಕು.

ಇಲ್ಲಿ ತಪ್ಪುಗಳಾಗುವುದು ಅಕ್ಷರದ ಆಕಾರದಿಂದ. ದ-ಧ, ಪ-ಫ, ಡ-ಢ, ಬ-ಭ ಇವುಗಳ ನಡುವೆ ಇರುವುದು ಕೆಳಗಿನ ಒಂದು ಸಣ್ಣ ಸೀಳು. ಜೆರಾಕ್ಸ್‌ನ ಜೆರಾಕ್ಸ್ ಆಗಿದ್ದರೆ ಅದು ಅಳಿಸಿಹೋಗಿರುತ್ತದೆ. ಕನ್ನಡದ ಸೊನ್ನೆಗೂ ಅನುಸ್ವಾರಕ್ಕೂ ಗೊಂದಲವಾಗುತ್ತದೆ, ಇಸವಿಗಳನ್ನು ಮೂಲದ ಜೊತೆ ಒಂದೊಂದಾಗಿ ತಾಳೆ ನೋಡಿ. ‘ಹೊಂದಿಸಿ ಬರೆಯಿರಿ’ಯಂಥ ಎರಡು ಕಾಲಂ ಪ್ರಶ್ನೆ ಕಲಸಿಹೋಗುವುದು ಖಚಿತ. ಎಡದ ಕಾಲಂ, ಬಲದ ಕಾಲಂ ಬೇರೆ ಬೇರೆ ಫೋಟೊ ತೆಗೆದರೆ ಆ ತಾಪತ್ರಯವಿಲ್ಲ.

ಹೊಸ ಪ್ರಶ್ನೆಗಳನ್ನು ಬಾಯಲ್ಲಿ ಹೇಳಿಯೇ ಬರೆಸಬಹುದು. ಕ್ರೋಮ್‌ನಲ್ಲಿ ಗೂಗಲ್ ಡಾಕ್ಸ್ ತೆರೆದು ‘ಟೂಲ್ಸ್’ನಲ್ಲಿ ‘ವಾಯ್ಸ್ ಟೈಪಿಂಗ್’ ಆರಿಸಿ, ಮೈಕ್ ಮೇಲಿನ ಪಟ್ಟಿಯಲ್ಲಿ ಕನ್ನಡ ಇಟ್ಟುಕೊಳ್ಳಿ. ಒಂದು ಪ್ರಶ್ನೆ ಹೇಳಿ ನಿಲ್ಲಿಸಿ, ನೋಡಿ, ಮುಂದಿನದು ಹೇಳಿ. ಪ್ರಶ್ನಾರ್ಥಕ ಚಿಹ್ನೆ, ಪೂರ್ಣವಿರಾಮ ಕೈಯಲ್ಲೇ ಹಾಕಬೇಕು. ಸ್ಟಾಫ್ ರೂಮಿನ ಗದ್ದಲದಲ್ಲಿ ಇದು ನಡೆಯುವುದಿಲ್ಲ.

ಮುದ್ರಣಕ್ಕೆ ಕೊಡುವಾಗ

ಸಾಲಿನ ಅಂತರವನ್ನು ವರ್ಡ್‌ನಲ್ಲಿ ‘ಎಗ್ಸಾಕ್ಟ್ಲಿ’ ಎಂದು ಇಟ್ಟಿದ್ದರೆ ಒತ್ತಕ್ಷರಗಳ ಬುಡ ಕತ್ತರಿಸಿಹೋಗುತ್ತದೆ. ‘ರಾಷ್ಟ್ರ’ದ ಕೆಳಗಿನ ಒತ್ತು ಅರ್ಧಕ್ಕೇ ನಿಂತಿದ್ದರೆ ಕಾರಣ ಇದೇ. ‘ಮಲ್ಟಿಪಲ್’ ಆರಿಸಿ 1.15 ಕೊಡಿ. ಜೆರಾಕ್ಸ್ ಅಂಗಡಿಗೆ ವರ್ಡ್ ಕಡತ ಬೇಡ, ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಮಾಡಿ ಕೊಡಿ. ಪುಟಗಳು ಆಚೀಚೆ ಆಗುವುದಿಲ್ಲ. ಹಳೆಯ ಪೇಜ್‌ಮೇಕರ್ ಬಳಸುವ ಪ್ರೆಸ್ಸಿನವರು "ನುಡಿಯಲ್ಲೇ ಕೊಡಿ" ಎನ್ನುತ್ತಾರೆ, ಅದಕ್ಕೆ ಯೂನಿಕೋಡ್ ಕನ್ನಡ ಬಾರದು. ಅವರಿಗಾಗಿ ಒಂದು ಪ್ರತಿಯನ್ನು ಯೂನಿಕೋಡ್‌ನಿಂದ ಆಸ್ಕಿಗೆ ತಿರುಗಿಸಿ ಕೊಡಿ, ನಿಮ್ಮ ಮೂಲ ಯೂನಿಕೋಡ್‌ನಲ್ಲೇ ಇರಲಿ.

ಅದೇ ಪ್ರಶ್ನೆಗಳಿಂದ ಕಿರುಪರೀಕ್ಷೆ

ಗೂಗಲ್ ಫಾರ್ಮ್ ತೆರೆದು ‘ಸೆಟ್ಟಿಂಗ್ಸ್’ನಲ್ಲಿ ‘ಮೇಕ್ ದಿಸ್ ಎ ಕ್ವಿಜ್’ ಚಾಲೂ ಮಾಡಿ. ಪ್ರಶ್ನೆ ಅಂಟಿಸಿ. ನಾಲ್ಕು ಆಯ್ಕೆಗಳು ನಾಲ್ಕು ಸಾಲಿನಲ್ಲಿದ್ದರೆ ಒಟ್ಟಿಗೇ ಕಾಪಿ ಮಾಡಿ ಮೊದಲ ಆಯ್ಕೆಯ ಜಾಗದಲ್ಲಿ ಅಂಟಿಸಿ, ಕಂಪ್ಯೂಟರಿನಲ್ಲಿ ಅವು ತಾವಾಗಿಯೇ ನಾಲ್ಕಾಗಿ ಒಡೆಯುತ್ತವೆ. ‘ಆನ್ಸರ್ ಕೀ’ ಒತ್ತಿ ಸರಿಯುತ್ತರ ಮತ್ತು ಅಂಕ ಕೊಡಿ. ಹೆಸರು ಬರೆಸುವ ಬದಲು ಹಾಜರಿ ಸಂಖ್ಯೆಯನ್ನು ಡ್ರಾಪ್‌ಡೌನ್ ಪಟ್ಟಿಯಾಗಿ ಕೊಟ್ಟರೆ ಅಂಕ ಜೋಡಿಸುವುದು ಸುಲಭ.

ಮನೆಯಲ್ಲಿ ಒಂದೇ ಮೊಬೈಲು, ಅದೂ ಅಪ್ಪನದೋ ಅಕ್ಕನದೋ ಆಗಿರುವ ಮಕ್ಕಳನ್ನು ನೆನಪಿನಲ್ಲಿಟ್ಟು ಒಂದು ಸೆಟ್ಟಿಂಗ್ ನೋಡಲೇಬೇಕು. ‘ಲಿಮಿಟ್ ಟು 1 ರೆಸ್ಪಾನ್ಸ್’ ಚಾಲೂ ಇದ್ದರೆ ಗೂಗಲ್ ಖಾತೆಗೆ ಲಾಗಿನ್ ಆಗದೆ ಫಾರ್ಮ್ ತೆರೆಯುವುದಿಲ್ಲ, ಒಂದೇ ಫೋನಿನಲ್ಲಿ ಅಣ್ಣ ಬರೆದ ಮೇಲೆ ಅದೇ ಖಾತೆಯಿಂದ ತಂಗಿ ಬರೆಯಲಾಗುವುದಿಲ್ಲ. ಅದನ್ನು ಆಫ್ ಮಾಡಿಡಿ. ಫೈಲ್ ಅಪ್‌ಲೋಡ್ ಕೇಳುವ ಪ್ರಶ್ನೆಯೂ ಲಾಗಿನ್ ಬೇಡುತ್ತದೆ. ‘ಕರೆಕ್ಟ್ ಆನ್ಸರ್ಸ್’ ತೋರಿಸುವುದನ್ನು ಎಲ್ಲರೂ ಬರೆದು ಮುಗಿಸುವವರೆಗೆ ಆಫ್ ಮಾಡಿಡಿ. ಇಲ್ಲವಾದರೆ ಮೊದಲು ಬರೆದವರ ಸ್ಕ್ರೀನ್‌ಶಾಟ್ ಉಳಿದವರಿಗೆಲ್ಲ ತಲುಪುತ್ತದೆ.

ಒಂದು ಪದದ ಉತ್ತರಗಳಿಗೆ ತಾನೇ ಅಂಕ ಹಾಕುವಂತೆ ಫಾರ್ಮ್‌ಗೆ ಬಿಡಬೇಡಿ. ಅದು ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ. ಮಗು ‘ಮೈಸೂರ್’ ಎಂದು ಬರೆದರೆ, ‘ಮೈಸೂರು’ ಅಲ್ಲವೆಂದು ಸೊನ್ನೆ ಕೊಡುತ್ತದೆ. ಕೆಲವೊಮ್ಮೆ ಕಣ್ಣಿಗೆ ವ್ಯತ್ಯಾಸವೇ ಕಾಣದು: ‘ಕೊ’ ಎಂಬುದರ ಸ್ವರಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಎರಡು ಚಿಹ್ನೆ ಜೋಡಿಸಿಯೂ ಬರೆಯಬಹುದು. ಮಗುವಿನ ಉತ್ತರ ಸರಿಯಿದ್ದೂ ಕೀಲಿಮಣೆಯ ಕಾರಣಕ್ಕೆ ಅಂಕ ಹೋಗುವುದು ಅನ್ಯಾಯ. ಬಹು ಆಯ್ಕೆಯ ಪ್ರಶ್ನೆಗೆ ಮಾತ್ರ ಯಂತ್ರದ ಮೌಲ್ಯಮಾಪನ ಇರಲಿ, ಉಳಿದದ್ದನ್ನು ನೀವೇ ನೋಡಿ.

ಕಣ್ಣು ಮಂದವಿರುವ, ಅಥವಾ ಓದುವುದು ಇನ್ನೂ ಕೈಗೆ ಹತ್ತದ ಮಗು ತರಗತಿಯಲ್ಲಿದ್ದರೆ ಅದೇ ಕಡತ ಇನ್ನೊಂದು ಕೆಲಸಕ್ಕೆ ಬರುತ್ತದೆ. ಆಂಡ್ರಾಯ್ಡ್ ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಸೆಸಿಬಿಲಿಟಿ’ಗೆ ಹೋಗಿ ‘ಸೆಲೆಕ್ಟ್ ಟು ಸ್ಪೀಕ್’ ಚಾಲೂ ಮಾಡಿ, ‘ಟೆಕ್ಸ್ಟ್ ಟು ಸ್ಪೀಚ್’ನಲ್ಲಿ ಕನ್ನಡದ ದನಿಯನ್ನು ವೈಫೈ ಇರುವಾಗಲೇ ಇಳಿಸಿಕೊಳ್ಳಿ. ಪಾಠದ ಟಿಪ್ಪಣಿ ತೆರೆದು, ಪರದೆಯ ಮೇಲಿನ ಗುರುತು ಒತ್ತಿ, ಬೇಕಾದ ಸಾಲು ಮುಟ್ಟಿದರೆ ಮೊಬೈಲು ಅದನ್ನು ಓದಿ ಹೇಳುತ್ತದೆ. ವೇಗ ಜಾಸ್ತಿ ಎನಿಸಿದರೆ ‘ಸ್ಪೀಚ್ ರೇಟ್’ ಇಳಿಸಿ, ಮಗುವಿನ ಕಿವಿಗೆ ಒಂದು ಇಯರ್‌ಫೋನ್ ಕೊಡಿ.