ಬಿಸಿ ಫ್ಲಾಸ್ಕಿನಲ್ಲಿ ರಕ್ತ: ಕ್ರಯೋಗ್ಲೋಬುಲಿನ್ ಕೊನೆಗೂ ಸಿಕ್ಕಿದ್ದು ಹೀಗೆ

ತೀರ್ಥಹಳ್ಳಿಯಲ್ಲಿ ಲ್ಯಾಬ್ ಇಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಗಂಟು ನೋವಿನವರ ಆರ್‌ಎ ಫ್ಯಾಕ್ಟರ್ (ಸಂಧಿವಾತಕ್ಕೆ ನೋಡುವ ರಕ್ತ ಪರೀಕ್ಷೆ) ಪಾಸಿಟಿವ್ ಬಂದರೆ ರಿಪೋರ್ಟ್ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಮಲೆನಾಡಲ್ಲಿ ಗಂಟು ನೋವಿಗೆ ಕಾರಣಗಳಿಗೆ ಬರವೇ? ಥಂಡಿ, ನೆಟ್ಟಿ ಕೆಲಸ, ಚಿಕೂನ್‌ಗುನ್ಯಾ, ಸಾಗರದ ಕಡೆಯವರಾದರೆ ಹಂದಿಗೋಡು ಕಾಯಿಲೆ. ರಕ್ತದಿಂದ ಹರಡಿ ಲಿವರ್ ಕೆಡಿಸುವ ಹೆಪಟೈಟಿಸ್ ಸಿ ವೈರಸ್ಸಿನಿಂದ ಕೆಲವರ ರಕ್ತದಲ್ಲಿ ಕ್ರಯೋಗ್ಲೋಬುಲಿನ್ (ತಣ್ಣಗಾದರೆ ಗಟ್ಟಿಯಾಗಿ, ಬಿಸಿಗೆ ಕರಗುವ ಪ್ರೋಟೀನು) ಹುಟ್ಟಿ ಗಂಟು ನೋವು, ಚರ್ಮದ ಮೇಲೆ ಕೆಂಪು ಚುಕ್ಕೆ ಬರಬಹುದು ಅನ್ನುವುದು ಯಾರ ತಲೆಗೂ ಬರುತ್ತಿರಲಿಲ್ಲ.

ಆಗ ಬಂದ ಒಬ್ಬ ಹೆಂಗಸಿಗೆ ಅರವತ್ತರ ಆಸುಪಾಸು. ಎರಡೂ ಕೈಯ ಬೆರಳು ಊದಿ ಅಡಿಕೆ ಸುಲಿಯಲು ಆಗುತ್ತಿರಲಿಲ್ಲ. ಆರ್‌ಎ ಫ್ಯಾಕ್ಟರ್ ಜೋರು, ಸಂಧಿವಾತವನ್ನು ಇನ್ನೂ ಖಚಿತವಾಗಿ ಹೇಳುವ ಆಂಟಿ ಸಿಸಿಪಿ ನೆಗೆಟಿವ್, ಎಕ್ಸ್‌ರೇಯಲ್ಲಿ ಮೂಳೆ ಸವೆದಿಲ್ಲ. ರಕ್ತ ತೆಗೆಯುವಾಗ ಸೀರೆಯಂಚಿನ ಕೆಳಗೆ ಮೀನಖಂಡದ ಮೇಲೆ ಕೆಂಪು ಚುಕ್ಕೆ ಕಂಡವು. ಹಿಂದೆ ಯಾವಾಗಲಾದರೂ ರಕ್ತ ಹಾಕಿಸಿಕೊಂಡಿದ್ದಿರಾ ಅಂತ ಕೇಳಿದೆ. "ಚೊಚ್ಚಲ ಹೆರಿಗೇಲಿ ಮೂರು ಬಾಟ್ಲಿ ರಕ್ತ ಕೊಟ್ಟಿದ್ರು ಮಾರಾಯ್ರೆ" ಅಂದರು. ಆ ಹೆರಿಗೆ 1989ಕ್ಕೂ ಹಿಂದಿನದು. ಆಗ ಹೆಪಟೈಟಿಸ್ ಸಿ ವೈರಸ್ಸೇ ಪತ್ತೆಯಾಗಿರಲಿಲ್ಲ, ಕೊಡುವ ರಕ್ತದಲ್ಲಿ ಹುಡುಕುವುದೆಲ್ಲಿ? ಡಾಕ್ಟ್ರು ಸಂಧಿವಾತದ ಔಷಧಿ ಮೆಥೊಟ್ರೆಕ್ಸೇಟ್ ಶುರು ಮಾಡುವವರಿದ್ದರು. ಅದು ಲಿವರಿಗೆ ಭಾರ, ಮೊದಲು ಹೆಪಟೈಟಿಸ್ ಸಿ ನೋಡೋಣ ಅಂತ ಫೋನ್ ಮಾಡಿ ತಡೆದೆ. ಅದರ ಕಾರ್ಡ್ ಟೆಸ್ಟ್ ಪಾಸಿಟಿವ್, ವೈರಲ್ ಲೋಡೂ (ರಕ್ತದಲ್ಲಿನ ವೈರಸ್ಸಿನ ಪ್ರಮಾಣ) ಬಂತು.

ಕ್ರಯೋಗ್ಲೋಬುಲಿನ್ ಮಾತ್ರ ಸಿಗಲಿಲ್ಲ. ನಗರದ ಲ್ಯಾಬೊಂದಕ್ಕೆ ಮೂರು ಸಲ ಕಳಿಸಿದೆ, ಮೂರು ಸಲವೂ ನೆಗೆಟಿವ್. ಕೊರಿಯರ್ ಸೇರಿ ಸಲಕ್ಕೆ ಸಾವಿರದೈನೂರು, ಸಾವಿರದಾರುನೂರು ಆಗಿರಬೇಕು. ಎರಡು ಸಲದ್ದು ನಾನೇ ಹಾಕಿದೆ. ತಪ್ಪು ನಮ್ಮ ಪೆಟ್ಟಿಗೆಯಲ್ಲೇ ಇತ್ತು. ಐಸ್ ಪ್ಯಾಕ್ ಇಟ್ಟು ಕಳಿಸಿದರೆ ಆ ಪ್ರೋಟೀನು ದಾರಿಯಲ್ಲೇ ಗಟ್ಟಿಯಾಗಿ ಕ್ಲಾಟ್ (ಹೆಪ್ಪುಗಟ್ಟಿದ ರಕ್ತ) ಜೊತೆ ಕೂತುಬಿಡುತ್ತದೆ, ಮೇಲಿನ ತಿಳಿಯಾದ ಸೀರಮ್ಮಿನಲ್ಲಿ ಏನು ಸಿಗಬೇಕು?

ಇಲ್ಲೇ ಮಾಡುತ್ತೇನೆ ಅಂದಾಗ ಇಬ್ಬರು ಡಾಕ್ಟ್ರು, ಒಬ್ಬ ಲ್ಯಾಬ್ ಮಿತ್ರ "ಆಗೋ ಹೋಗೋ ಮಾತಲ್ಲ" ಅಂದರು. ಹಳೇ ವಾಟರ್ ಬಾತ್ ಆರು ಸಾವಿರಕ್ಕೆ ತಂದೆ. ಸಿರಿಂಜು, ಪ್ಲೇನ್ ಟ್ಯೂಬು ಎಲ್ಲ 37 ಡಿಗ್ರಿಗೆ ಮೊದಲೇ ಕಾಯಿಸಿ, ರಕ್ತ ತೆಗೆದ ಕೂಡಲೇ ಬಾಯಗಲದ ಫ್ಲಾಸ್ಕಿಗೆ. ಆಗುಂಬೆಯಿಂದ ಮಳೆಯಲ್ಲಿ ಬಂದ ಸ್ಯಾಂಪಲ್ ಮೊದಮೊದಲು 30ಕ್ಕೆ ಇಳಿದಿರುತ್ತಿತ್ತು. ಉಮಿ ತುಂಬಿದ ಡಬ್ಬಿ ನೋಡಿದೆ, ಪ್ರಯೋಜನವಾಗಲಿಲ್ಲ. ಈಗ ಎರಡು ಗಂಟೆ ಅರ್ಧ ಡಿಗ್ರಿಯೂ ಇಳಿಯುವುದಿಲ್ಲ. ಫ್ಲಾಸ್ಕಿನೊಳಗೆ ಏನು ಹಾಕುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದರೆ ತೋರಿಸುತ್ತೇನೆ.

ಸೆಂಟ್ರಿಫ್ಯೂಜಿನ ಬಕೆಟ್ಟಿಗೂ ಬಿಸಿನೀರು ಹಾಕಿ ಕಾಯಿಸಲೇಬೇಕು. ಇದನ್ನು ಮರೆತು ನಾಲ್ಕೋ ಐದೋ ಸ್ಯಾಂಪಲ್ ಹಾಳು ಮಾಡಿದ್ದೇನೆ. ಇನ್ನೊಂದರಲ್ಲಿ ಬಿಳಿ ಕಟ್ಟಿತು ಅಂತ ಖುಷಿಪಟ್ಟು ಡಾಕ್ಟ್ರಿಗೆ ಫೋನೂ ಮಾಡಿದೆ. ಬಿಸಿ ಮಾಡಿದರೆ ಕರಗಲಿಲ್ಲ, ಅದು ರಕ್ತ ಹೆಪ್ಪುಗಟ್ಟುವಾಗ ಆಗುವ ಫೈಬ್ರಿನ್. ಕ್ಲಾಟ್ ಪೂರ್ತಿ ಆಗುವ ಮುಂಚೆ ತಿರುಗಿಸಿದ್ದೆ. ಆಷಾಢದಲ್ಲಿ ಎರಡು ದಿನ ಕರೆಂಟ್ ಹೋಗಿ ಫ್ರಿಜ್ಜಿನಲ್ಲಿದ್ದ ಮೂರು ಟ್ಯೂಬು ನೀರುಪಾಲು. ಆಮೇಲೆ ಫ್ರಿಜ್ಜಿಗೇ ಅಂತ ಇನ್ವರ್ಟರ್ ಹಾಕಿಸಿದೆ, ಹದಿನೆಂಟು ಸಾವಿರ.

ಆ ಹೆಂಗಸಿನ ಸೀರಮ್ಮು 4 ಡಿಗ್ರಿಯಲ್ಲಿ ಎರಡನೇ ದಿನ ಮಸುಕಾಯಿತು. ಮೂರನೇ ದಿನ ಬೆಳಿಗ್ಗೆ ಟ್ಯೂಬಿನ ತಳದಲ್ಲಿ ಗಂಜಿಯ ತಿಳಿ ಕೂತ ಹಾಗೆ ಬಿಳಿ ಪದರ. ವಾಟರ್ ಬಾತಿಗೆ ಇಳಿಸಿದೆ, ನೋಡನೋಡುತ್ತಾ ಕರಗಿಹೋಯಿತು. ಡಾಕ್ಟ್ರನ್ನು ಕರೆಸಿ ಅವರ ಕಣ್ಣೆದುರೇ ಇನ್ನೊಮ್ಮೆ ಮಾಡಿ ತೋರಿಸಿದೆ. ಅಳೆಯಲು ಅಟ್ಟದ ಮೇಲಿದ್ದ ಹಳೇ ವಿಂಟ್ರೋಬ್ ಟ್ಯೂಬು (ಅಳತೆ ಗೆರೆಯಿರುವ ಸಣ್ಣ ಗಾಜಿನ ನಳಿಗೆ) ಸಾಕಾಯಿತು: ಬಿಳಿ ಪದರ ಸೀರಮ್ಮಿನ ಸುಮಾರು ನಾಲ್ಕು ಪರ್ಸೆಂಟ್.

ಕುತೂಹಲಕ್ಕೆ ಒಬ್ಬರದೇ ರಕ್ತವನ್ನು ಒಂದು ಟ್ಯೂಬು ಬೆಚ್ಚಗೆ, ಒಂದು ತಣ್ಣಗೆ ಇಟ್ಟು ಆರ್‌ಎ ಫ್ಯಾಕ್ಟರ್ ನೋಡಿದೆ. ತಣ್ಣಗಿನದರಲ್ಲಿ ಅರ್ಧಕ್ಕರ್ಧ ಕಡಿಮೆ! ಸಿ4 (ರಕ್ತದ ಇನ್ನೊಂದು ರಕ್ಷಣಾ ಪ್ರೋಟೀನು) ಕೂಡ ಹಾಗೇ ಆಗುತ್ತದೋ ಅಂತ ನೋಡುವ ಆಸೆಯಿದೆ, ಕಿಟ್ ದುಬಾರಿ.

2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಅವರಿಗೆ ಮಾತ್ರೆ ಪುಕ್ಕಟೆ ಸಿಕ್ಕಿತು, ಹನ್ನೆರಡು ವಾರ. ಜೆನೆರಿಕ್ ಹೊಸದಾಗಿ ಬಂದ 2015ರ ಹೊತ್ತಿಗೆ ಆ ಮಾತ್ರೆಗಳಲ್ಲಿ ಸೊಫೊಸ್ಬುವಿರ್ ಒಂದಕ್ಕೇ ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಇತ್ತು. ಮಾತ್ರೆ ಮುಗಿದು ಮೂರು ತಿಂಗಳಿಗೆ ವೈರಸ್ ಇಲ್ಲ. ಚುಕ್ಕೆ ಅದಕ್ಕೂ ಮೊದಲೇ ಮಾಯವಾಗಿತ್ತು, ಬೆರಳಿನ ಊತ ನಿಧಾನಕ್ಕೆ ಇಳಿಯಿತು. ಟ್ಯೂಬಿನ ತಳದ ಬಿಳಿ ಪದರ ಮಾತ್ರ ತೆಳ್ಳಗೆ ಇನ್ನೂ ಒಂದು ವರ್ಷ ಕಾಣಿಸುತ್ತಿತ್ತು. ವೈರಸ್ ಹೋದ ಕೂಡಲೇ ಅದೂ ಹೋಗಬೇಕೆಂದಿಲ್ಲ, ಗಾಬರಿಯಾಗಬೇಡಿ.

ಈ ಪರೀಕ್ಷೆಗೆ ನಾನು ತೆಗೆದುಕೊಳ್ಳುವುದು ನಾನೂರು ರೂಪಾಯಿ. ಅವತ್ತು ಆಗೋ ಹೋಗೋ ಮಾತಲ್ಲ ಅಂದಿದ್ದ ಮಿತ್ರರೇ ಈಗ ರೋಗಿಗಳನ್ನು ನನ್ನ ಹತ್ತಿರ ಕಳಿಸುತ್ತಾರೆ. ಹೋದ ವಾರ ಅವರು ಕಳಿಸಿದ ಎರಡು ಟ್ಯೂಬು ಫ್ರಿಜ್ಜಿನಲ್ಲಿವೆ. ಒಂದು ಇವತ್ತು ಬೆಳಿಗ್ಗೆ ಮಸುಕಾಗಿದೆ.